ಹಿತ್ತಲ ಕುಕ್ಕುಟಗಳ ಅನ್ನಪಾನ ಮೀಮಾಂಸೆ

ಪೀಠಿಕೆ

ಆನೆಗೆ ಪಾಲಕಾಪ್ಯನ ಶಾಸ್ತ್ರವಿದೆ. ಕುದುರೆಗೆ ಶಾಲಿಹೋತ್ರನ ಹೆಸರಿನ ಶಾಸ್ತ್ರವಿದೆ. ದನಕರುಗಳಿಗೆಂದು ಕೀರ್ತಿವರ್ಮ ಕನ್ನಡದಲ್ಲೇ 'ಗೋವೈದ್ಯ' ಬರೆದಿಟ್ಟ. ಕೋಳಿಯ ಸರದಿ ಬಂದಾಗ ಮಾತ್ರ ಪೂರ್ವಸೂರಿಗಳ ಲೇಖನಿಯಲ್ಲಿ ಮಸಿ ಒಣಗಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ತನ್ನ 'ಮಾನಸೋಲ್ಲಾಸ'ದಲ್ಲಿ ಕೋಳಿಗೂ ಜಾಗ ಕೊಟ್ಟಿದ್ದಾನೆಂದು ಕೇಳಿ ಹಿಗ್ಗಿದವರಿಗೆ ಅಲ್ಲಿ ಸಿಗುವುದು ಹುಂಜದ ಕಾಳಗದ ವಿನೋದ. ಬೆಳಗಿನ ಜಾವ ಎದ್ದು, ಕತ್ತಲಲ್ಲಿ ಚಪ್ಪಲಿ ಸಿಗದೆ ಬರಿಗಾಲಲ್ಲೇ ಗೂಡಿನ ಕಡೆ ನಡೆದು, ಯಾವುದರ ಮೇಲೆ ಕಾಲಿಟ್ಟೆವೆಂದು ನೋಡುವ ಮೊದಲೇ ತಿಳಿದುಹೋಗುವ ಗೃಹಸ್ಥನ ಪಾಡನ್ನು ರಾಜರು ವಿನೋದವೆಂದು ಪರಿಗಣಿಸಿದಂತಿಲ್ಲ.

ಕೋಳಿ ಸಾಕಣೆಯ ಖರ್ಚಿಗೆ ಮೂಲಭೂತ ಪರಿಹಾರವೊಂದನ್ನು ಸೂಚಿಸಿದ ಕನ್ನಡ ಕಾವ್ಯವೆಂದರೆ 1209ರ ಜನ್ನನ 'ಯಶೋಧರ ಚರಿತೆ'. ಅಲ್ಲಿನ ಹುಂಜ ಹಿಟ್ಟಿನದು. ಅದಕ್ಕೆ ಕಾಳು ಬೇಡ, ನೀರು ಬೇಡ, ಗೂಡು ಬೇಡ, ರಾತ್ರಿ ಕಾಡುಬೆಕ್ಕಿನ ಭಯವೂ ಇಲ್ಲ. ಆದರೆ ಕಥೆ ಬಲ್ಲವರಿಗೆ ಗೊತ್ತು: ಆ ಹುಂಜವೂ ಕಡೆಗೆ ಕೂಗಿಯೇಬಿಟ್ಟಿತು, ಅದನ್ನು ಬಲಿ ಕೊಟ್ಟ ತಾಯಿ ಮಗ ಇಬ್ಬರೂ ಹಲವು ಜನ್ಮ ಸುತ್ತಿ ಕೊನೆಗೆ ತಾವೇ ಕೋಳಿಗಳಾಗಿ ಹುಟ್ಟಬೇಕಾಯಿತು. ಪಂಡಿತರು ಇದರಲ್ಲಿ ಸಂಕಲ್ಪಹಿಂಸೆಯ ಫಲವನ್ನು ಕಂಡಿದ್ದಾರೆ. ಕಾಳಿನ ಖರ್ಚನ್ನು ಹಿಟ್ಟಿನಿಂದ ತಪ್ಪಿಸಿಕೊಂಡರೂ ಅದು ಮುಂದಿನ ಜನ್ಮದಲ್ಲಿ ಬಡ್ಡಿ ಸಮೇತ ವಸೂಲಾಗುತ್ತದೆ ಎಂಬ ಆರ್ಥಿಕ ವ್ಯಾಖ್ಯಾನಕ್ಕೂ ಅಲ್ಲಿ ಅವಕಾಶವಿದೆ ಎಂಬುದನ್ನು ಮಾತ್ರ ಇಲ್ಲಿ ನಮ್ರವಾಗಿ ಸೂಚಿಸಲಾಗುತ್ತಿದೆ.

ಸಂಶೋಧನ ಕ್ಷೇತ್ರದ ಚಕ್ಕುಬಂದಿ: ಪೂರ್ವಕ್ಕೆ ತಿಪ್ಪೆ, ಪಶ್ಚಿಮಕ್ಕೆ ಬಚ್ಚಲ ಮೋರಿ, ಅದರಾಚೆ ಪಂಚಾಯಿತಿಯ ಬೀದಿ ನಲ್ಲಿ, ದಕ್ಷಿಣಕ್ಕೆ ಕರಿಬೇವಿನ ಗಿಡ, ಉತ್ತರಕ್ಕೆ ಪಕ್ಕದ ಮನೆಯ ಅಜ್ಜಿಯ ಹುಲ್ಲಿನ ಮೆದೆ. ಅಧ್ಯಯನಕ್ಕೆ ಒಳಪಟ್ಟ ಪಕ್ಷಿಗಳಲ್ಲಿ ಕೆಲವು ನಾಟಿ ಹೇಂಟೆಗಳು, ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಅಭಿವೃದ್ಧಿಯಾದ ಗಿರಿರಾಜ ತಳಿಯವು ಒಂದಿಷ್ಟು, ಮತ್ತು ಎಲ್ಲದಕ್ಕೂ ತಾನೇ ಯಜಮಾನನೆಂದು ನಂಬಿರುವ ಒಂದು ಹುಂಜ. ಅಧ್ಯಯನಕ್ಕೆ ಮುನ್ನ ಪಕ್ಷಿಗಳ ಒಪ್ಪಿಗೆ ಪಡೆದಿಲ್ಲ. ಕೋಳಿಯನ್ನು ಕೇಳಿ ಮಸಾಲೆ ಅರೆಯುವ ಪದ್ಧತಿ ನಮ್ಮಲ್ಲಿ ಇಲ್ಲ.

ಪ್ರಬಂಧ ಮಂಡಿಸುವ ಸೂತ್ರ ಒಂದೇ: ಕೋಳಿಗೆ ಹಾಕಿದ್ದು ಕೋಳಿಗೆ ಬೇಡ, ಕೋಳಿಗೆ ಬೇಕಾದದ್ದನ್ನು ಯಾರೂ ಹಾಕಿಲ್ಲ.

ಪೂರ್ವಸೂರಿಗಳು

ಕೋಳಿ ಊಟ ಮಾಡುವುದನ್ನು ನೋಡುವುದಕ್ಕೆ ಸರ್ಕಾರಿ ಹುದ್ದೆ ಸೃಷ್ಟಿಸಿದವರು ಪ್ರಾಚೀನ ರೋಮನ್ನರು. ಯುದ್ಧಕ್ಕೆ ಮುನ್ನ ಪವಿತ್ರ ಕೋಳಿಗಳ ಮುಂದೆ ಮೇವು ಹಾಕುತ್ತಿದ್ದರು. ಅವು ಮುಗಿಬಿದ್ದು ತಿಂದು ಕೊಕ್ಕಿನಿಂದ ಚೂರುಗಳು ನೆಲಕ್ಕುದುರಿದರೆ ಶುಭಶಕುನ. ಗೂಡು ಬಿಟ್ಟು ಬರಲೊಲ್ಲದಿದ್ದರೆ, ಬಂದರೂ ಮುಖ ತಿರುಗಿಸಿದರೆ ದಂಡಯಾತ್ರೆ ಮುಂದಕ್ಕೆ. ಇದನ್ನು ನೋಡಿ ವರದಿ ಮಾಡುವ ಕೋಳಿಪಾಲಕ ಸೈನ್ಯದ ಜೊತೆಗೇ ಪಯಣಿಸುತ್ತಿದ್ದ. ಉದುರಿದ ಕಾಳಿನ ಮೇಲೆ ಸಾಮ್ರಾಜ್ಯವನ್ನು ನಿಲ್ಲಿಸಿದ ಈ ಜನ ಮೂರ್ಖರೆಂದು ಯಾರೂ ಭಾವಿಸಬಾರದು. ಕೋಳಿಗೆ ಹಸಿವಾಗುವ ತನಕ ಗೂಡಿನಲ್ಲೇ ಕೂಡಿಹಾಕಿದರೆ ಶುಭಶಕುನ ತಾನಾಗಿಯೇ ಬರುತ್ತದೆಂಬ ಅರಿವು ಅವರಿಗೂ ಇತ್ತು.

ಕ್ರಿ.ಪೂ. 249ರಲ್ಲಿ ಸಿಸಿಲಿಯ ಡ್ರೆಪಾನಾ ಬಳಿ ಕಾರ್ಥೇಜಿನ ನೌಕಾಪಡೆಯ ಮೇಲೆ ಬೀಳಲು ಹೊರಟ ದಂಡನಾಯಕ ಪೂಬ್ಲಿಯಸ್ ಕ್ಲಾಡಿಯಸ್ ಪಲ್ಕರ್‌ನ ಹಡಗಿನಲ್ಲಿ ಕೋಳಿಗಳು ಮೇವು ಮುಟ್ಟಲಿಲ್ಲ. ತಿನ್ನದಿದ್ದರೆ ಕುಡಿಯಲಿ ಎಂದು ಅವನು ಅವನ್ನು ಸಮುದ್ರಕ್ಕೇ ಎಸೆಸಿದನಂತೆ. ಅಂದಿನ ಕದನದಲ್ಲಿ ರೋಮಿನ ಹಡಗುಗಳಲ್ಲಿ ಹೆಚ್ಚಿನವು ಶತ್ರುಗಳ ವಶವಾದವು. ಊರಿಗೆ ಮರಳಿದವನಿಗೆ ವಿಚಾರಣೆ, ದಂಡ.

ಇತಿಹಾಸಕಾರರು ಈ ಘಟನೆಯಲ್ಲಿ ದೈವನಿಂದೆಯನ್ನು ಕಾಣುತ್ತಾರೆ, ಕೆಲವರು ಯುದ್ಧತಂತ್ರದ ಸೋಲನ್ನು ಕಾಣುತ್ತಾರೆ. ಹಿತ್ತಲ ಕಡೆಯಿಂದ ನೋಡಿದವರಿಗೆ ಕಾಣುವ ದೋಷ ಬೇರೆ. ಬಾಯಾರಿದ ಕೋಳಿ ಒಣಮೇವು ತಿನ್ನುವುದಿಲ್ಲ. ನೀರು ತಪ್ಪಿದ ದಿನ ಮೇವೂ ತಪ್ಪುತ್ತದೆ, ಮೇವು ತಪ್ಪಿದ ಮೇಲೆ ಮೊಟ್ಟೆಯೂ ತಪ್ಪುತ್ತದೆ. ಇದು ಕೋಳಿ ಸಾಕುವ ಯಾವ ಮನೆಯಲ್ಲಿ ಕೇಳಿದರೂ ಹೇಳುತ್ತಾರೆ. ಅಂದರೆ ದಂಡನಾಯಕ ನೀರಿನ ಮಹತ್ವವನ್ನು ಅರಿಯದವನಲ್ಲ. ಕ್ರಮದಲ್ಲಿ ಎಡವಿದ, ಪ್ರಮಾಣದಲ್ಲಂತೂ ಬಹಳ ಎಡವಿದ. ಅದೂ ಉಪ್ಪುನೀರು.

ಜಲಪ್ರಕರಣ

ಮೊಟ್ಟೆಯಿಡುವ ಹೇಂಟೆ ದಿನಕ್ಕೆ ಸುಮಾರು 110 ಗ್ರಾಂ ಮೇವು ತಿಂದರೆ ಅದರ ಎರಡರಷ್ಟು ತೂಕದ ನೀರು ಕುಡಿಯುತ್ತದೆ. ಅಂದರೆ ಕಾಲು ಲೀಟರಿಗೆ ತುಸು ಕಡಿಮೆ. ಏಪ್ರಿಲ್ ಬಿಸಿಲಿಗೆ ಇದು ದುಪ್ಪಟ್ಟಾದರೂ ಆಶ್ಚರ್ಯವಿಲ್ಲ. ಕೋಳಿಗೆ ಬೆವರುವ ಸೌಲಭ್ಯವನ್ನು ದೇವರು ಮಂಜೂರು ಮಾಡಿಲ್ಲ. ಅದರ ಮೈಶಾಖ ಆರೋಗ್ಯವಾಗಿದ್ದಾಗಲೇ 41 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಮಧ್ಯಾಹ್ನ ಅದು ಕರಿಬೇವಿನ ನೆರಳಲ್ಲಿ ಕೊಕ್ಕು ತೆರೆದು, ರೆಕ್ಕೆ ಜೋಲು ಬಿಟ್ಟು ಏದುಸಿರು ಬಿಡುತ್ತದಲ್ಲ, ಅದು ಉಸಿರಿನೊಂದಿಗೆ ನೀರನ್ನು ಆವಿ ಮಾಡಿ ಮೈ ತಣಿಸಿಕೊಳ್ಳುವ ಉಪಾಯ.

ಕುಡಿಯುವ ಬಗೆಯ ಮೇಲೆ ವಿದ್ವಾಂಸರಲ್ಲಿ ಭಿನ್ನಮತವಿದೆ. ಕೋಳಿ ನೀರಿಗೆ ಕೊಕ್ಕು ಅದ್ದುತ್ತದೆ, ತಲೆಯೆತ್ತಿ ಆಕಾಶ ನೋಡುತ್ತದೆ, ಮತ್ತೆ ಅದ್ದುತ್ತದೆ. ಭಕ್ತಿಪಂಥದವರು ಇದನ್ನು ಗುಟುಕಿಗೊಂದು ನಮಸ್ಕಾರ ಎನ್ನುತ್ತಾರೆ. ರಕ್ಷಣಾಪಂಥದವರು ಹದ್ದು ಬಂತೇನೋ ಎಂದು ನೋಡುವುದು ಎನ್ನುತ್ತಾರೆ. ಶರೀರಶಾಸ್ತ್ರದವರು ಎರಡನ್ನೂ ತಳ್ಳಿಹಾಕುತ್ತಾರೆ: ಕೋಳಿಗೆ ನಮ್ಮಂತೆ ನೀರನ್ನು ಹೀರಿ ಎಳೆಯಲು ಬರುವುದಿಲ್ಲ, ಬಾಯಿಗೆ ಬಂದ ಹನಿಯನ್ನು ತಲೆಯೆತ್ತಿ ಗಂಟಲಿಗೆ ಇಳಿಸಿಕೊಳ್ಳಬೇಕು, ಅಷ್ಟೆ. ಈ ಮೂರನೆಯ ಮತವೇ ಸರಿಯಾದರೂ ಅದರಲ್ಲಿ ಸ್ವಾರಸ್ಯ ಕಡಿಮೆ.

ಹೊಸದಾಗಿ ತಂದ ಮರಿಗಳಿಗೆ ಈ ವಿದ್ಯೆಯನ್ನು ಉಪದೇಶಿಸಬೇಕು. ಒಂದೊಂದನ್ನೇ ಹಿಡಿದು ಕೊಕ್ಕಿನ ತುದಿಯನ್ನು ನೀರಿಗೆ ಮುಟ್ಟಿಸುವುದು ಇದರ ವಿಧಿ. ತಾಯಿಯಿಲ್ಲದ ಮರಿಗಳಿಗೆ ಇದೊಂದು ಬಗೆಯ ಅಕ್ಷರಾಭ್ಯಾಸ. ಬಟ್ಟಲಲ್ಲಿ ನಾಲ್ಕು ಬೆಣಚುಕಲ್ಲು ಹಾಕಿಡದಿದ್ದರೆ ವಿದ್ಯಾರ್ಥಿ ಪಠ್ಯದಲ್ಲೇ ಮುಳುಗಿ ಸಾಯುವ ಸಂಭವವಿದೆ. ಹುಟ್ಟಿದ ಮರಿಯ ಹೊಟ್ಟೆಯೊಳಗೆ ಮೊಟ್ಟೆಯ ಹಳದಿ ಇನ್ನೂ ಉಳಿದಿರುತ್ತದೆ, ಎರಡು ಮೂರು ದಿನ ಅದರಲ್ಲೇ ಜೀವ ಹಿಡಿದುಕೊಳ್ಳಬಲ್ಲದು; ಪೆಟ್ಟಿಗೆಯಲ್ಲಿ ತುಂಬಿಸಿ ದೂರದೂರಿಗೆ ಮರಿ ಸಾಗಿಸುವವರ ಧೈರ್ಯದ ಗುಟ್ಟು ಇದು. ಮೊದಲ ದಿನ ಬೆಲ್ಲದ ನೀರು ಕೊಡುವ ಸಂಪ್ರದಾಯವೂ ಇದೆ. ಶಕ್ತಿಗೆ ಒಳ್ಳೆಯದು, ಸರಿ. ಆದರೆ ಸಿಹಿಯನ್ನು ಗುರುತಿಸುವ ಜೀನ್ ಕೋಳಿಯ ವಂಶದಲ್ಲೇ ಇಲ್ಲವೆಂದು ವಿಜ್ಞಾನಿಗಳು ಪತ್ತೆ ಮಾಡಿದ್ದಾರೆ. ಬೆಲ್ಲ ಹಾಕಿದವರ ಮುಖದಲ್ಲಿ ಮೂಡುವ ಸಂತೃಪ್ತಿ ಮರಿಯ ಮುಖದಲ್ಲಿ ಮೂಡದಿರುವುದಕ್ಕೆ ಕಾರಣ ಇದೇ.

ಪಾತ್ರೆಗಳ ವಿಚಾರದಲ್ಲಿ ಶಾಖೋಪಶಾಖೆಗಳು ಬಹಳ. ಕರಟ, ಒಡೆದ ಬಕೆಟ್ಟಿನ ತಳ, ಹಿಡಿ ಮುರಿದ ಬಾಣಲೆ, ಇವು ಪ್ರಾಚೀನ ಶಾಖೆ. ಅಂಗಡಿಯಲ್ಲಿ ಸಿಗುವ, ಬಾಟಲಿಯನ್ನು ತಲೆಕೆಳಗಾಗಿ ತಟ್ಟೆಗೆ ಸಿಕ್ಕಿಸಿದ ಡ್ರಿಂಕರ್ ನವ್ಯ ಶಾಖೆ. ತಲೆಕೆಳಗಾದ ಬಾಟಲಿಯ ನೀರು ಒಮ್ಮೆಗೇ ಸುರಿದುಹೋಗುವುದಿಲ್ಲವೇಕೆ? ಹೊರಗಿನ ಗಾಳಿಯ ಒತ್ತಡ ಅದನ್ನು ತಡೆದು ಹಿಡಿದಿರುತ್ತದೆ. ತಟ್ಟೆಯ ನೀರು ತಗ್ಗಿ ಬಾಟಲಿಯ ತೂತು ಬಯಲಾದಾಗ ಒಂದು ಗುಳ್ಳೆ ಒಳಗೆ, ಒಂದು ಗುಟುಕು ಹೊರಗೆ. 1640ರ ದಶಕದಲ್ಲಿ ಇಟಲಿಯ ಟೊರಿಚೆಲ್ಲಿ ಪಾದರಸದ ಕೊಳವೆ ಹಿಡಿದು ತೋರಿಸಿದ ತತ್ತ್ವವನ್ನು ಇಂದು ಹಿತ್ತಲಲ್ಲಿ ಪ್ರತಿದಿನ ಸಾಬೀತುಪಡಿಸಲಾಗುತ್ತಿದೆ, ಮತ್ತು ಕೋಳಿ ಆ ತತ್ತ್ವದ ಮೇಲೆ ಹತ್ತಿ ಕೂತು ಹಿಕ್ಕೆ ಹಾಕುತ್ತಿದೆ.

ಹಾಗಾಗದಿರಲು ತಟ್ಟೆಯ ಅಂಚನ್ನು ಕೋಳಿಯ ಬೆನ್ನಿನ ಮಟ್ಟಕ್ಕೆ ಎತ್ತರಿಸಬೇಕೆಂದು ಬಲ್ಲವರು ಹೇಳುತ್ತಾರೆ, ಇಟ್ಟಿಗೆ ಸಾಕು. ನೆಲಮಟ್ಟದಲ್ಲಿ ಬಿಟ್ಟರೋ, ಕೋಳಿ ನೀರಿಗೆ ಬೆನ್ನು ಮಾಡಿ ನಿಂತು ಎರಡು ಸಲ ಕೆದಕುತ್ತದೆ. ಆಗ ನೀರಿನಲ್ಲಿ ಮಣ್ಣು, ಮಣ್ಣಿನಲ್ಲಿ ನುಚ್ಚು, ನುಚ್ಚಿನಲ್ಲಿ ಹುಲ್ಲು. ಅನ್ನ ಬೇರೆ, ಪಾನ ಬೇರೆ ಎಂಬ ದ್ವೈತ ಅಲ್ಲಿಗೆ ಪರಿಸಮಾಪ್ತಿ.

ಇಷ್ಟೆಲ್ಲ ಆದ ಮೇಲೆ, ತೊಳೆದ ಡ್ರಿಂಕರಿನಲ್ಲಿ ತಿಳಿನೀರು ತುಂಬಿಸಿ, ಇಟ್ಟಿಗೆಯ ಮೇಲೆ ಪ್ರತಿಷ್ಠಾಪಿಸಿ, ಹಿಂದೆ ಸರಿದು ನಿಂತಾಗ ಹೇಂಟೆ ಅದನ್ನು ಒಂದು ಕಣ್ಣಿಂದ ನೋಡುತ್ತದೆ, ಕತ್ತು ತಿರುಗಿಸಿ ಇನ್ನೊಂದು ಕಣ್ಣಿಂದ ನೋಡುತ್ತದೆ, ಅನಂತರ ಬಚ್ಚಲ ಮೋರಿಯನ್ನು ದಾಟಿ ಪಂಚಾಯಿತಿ ನಲ್ಲಿಯ ಬುಡದ ಗುಂಡಿಗೆ ಹೋಗಿ ಕುಡಿಯುತ್ತದೆ. ನಮ್ಮ ಸೂತ್ರದ ಪೂರ್ವಾರ್ಧಕ್ಕೆ ಇದಕ್ಕಿಂತ ಪ್ರಬಲ ಪ್ರಮಾಣ ಬೇಕಿಲ್ಲ. ಪ್ರತಿಪಕ್ಷದವರು ಕೇಳಬಹುದು: ಡ್ರಿಂಕರ್ ಬಿಸಿಲಿಗಿತ್ತೇ? ಇತ್ತು. ಬಿಸಿಯಾದ ನೀರನ್ನು ಕೋಳಿ ಇಷ್ಟಪಡದು, ನಲ್ಲಿ ಬುಡದ ನೀರು ತಣ್ಣಗಿರುತ್ತದೆ. ಡ್ರಿಂಕರನ್ನು ನೆರಳಿಗೆ ತಂದರೆ ವಾದ ಮುಗಿಯಬೇಕು. ತಂದಾಯಿತು. ಕೋಳಿ ನೆರಳಲ್ಲಿ ಒಂದು ಗುಟುಕು ಕುಡಿದು, ಮಿಕ್ಕದ್ದನ್ನು ನಲ್ಲಿಗೆ ಹೋಗಿ ಕುಡಿಯಿತು.

ನೀರು ಬಲವಂತವಾಗಿಯಾದರೂ ಕುಡಿಸಲೇಬೇಕಾದ ದಿನ ಒಂದಿದೆ. ರಾಣಿಖೇತ್ ಎನಿಸಿಕೊಂಡ ಕೊಕ್ಕರೆ ರೋಗದ ಲಾಸೋಟಾ ಲಸಿಕೆಯನ್ನು ಕುಡಿಯುವ ನೀರಿನಲ್ಲಿ ಕೊಡುವ ದಿನ. ಒಂದೆರಡು ಗಂಟೆ ನೀರು ತಪ್ಪಿಸಿ ಬಾಯಾರಿಸಬೇಕು. ನಲ್ಲಿ ನೀರಿನ ಕ್ಲೋರಿನ್ ಲಸಿಕೆಯನ್ನು ಕೊಲ್ಲದಂತೆ ಕೆನೆ ತೆಗೆದ ಹಾಲಿನ ಪುಡಿ ಬೆರೆಸಬೇಕು. ಮನೆಯ ಮಕ್ಕಳಿಗೆ ಹಾಲು ಕಾಫಿಗಷ್ಟೇ ಉಳಿದಿರುವ ದಿನ ಕೋಳಿಗಳಿಗೆ ಹಾಲು ಹಂಚುವುದನ್ನು ಕಂಡ ನೆರೆಯವರು ಏನೆಂದುಕೊಂಡಾರೆಂಬುದು ಈ ಪ್ರಬಂಧದ ವ್ಯಾಪ್ತಿಗೆ ಹೊರತು. ಬೀದಿ ನಲ್ಲಿಯ ಗುಂಡಿಯನ್ನು ಅಂದು ಮುಚ್ಚಿಡಬೇಕೆಂಬುದು ಮಾತ್ರ ವ್ಯಾಪ್ತಿಗೆ ಒಳಪಟ್ಟಿದೆ.

ಅನ್ನಪ್ರಕರಣ

ಕಾಳು ಹಾಕುವವರಲ್ಲಿ ಎರಡು ದರ್ಶನಗಳು: ತಟ್ಟೆವಾದ ಮತ್ತು ಚೆಲ್ಲುವಾದ. ತಟ್ಟೆವಾದಿಗಳು ಮೇವನ್ನು ಪಾತ್ರೆಯಲ್ಲಿಡಬೇಕು, ಮಣ್ಣು ಸೇರಬಾರದು, ಹಾಳಾಗಬಾರದು ಎನ್ನುತ್ತಾರೆ. ಚೆಲ್ಲುವಾದಿಗಳು ಅಂಗೈಯಲ್ಲಿ ಹಿಡಿದು 'ಬಾ ಬಾ ಬಾ' ಎನ್ನುತ್ತ ಅಂಗಳದ ತುಂಬ ಎರಚುತ್ತಾರೆ. ಖರ್ಚಿನ ದೃಷ್ಟಿಯಿಂದ ತಟ್ಟೆವಾದ ಸರಿ. ಕೋಳಿಯ ದೃಷ್ಟಿಯಿಂದ ಎರಡೂ ತಪ್ಪು.

ಏಕೆಂದರೆ, ಬಟ್ಟಲಲ್ಲಿ ಧಾರಾಳವಾಗಿ ಊಟ ಇಟ್ಟರೂ ಪ್ರಾಣಿಗಳು ಕೆಲಸ ಮಾಡಿ ಸಂಪಾದಿಸಿದ ಊಟಕ್ಕೆ ಹೋಗುತ್ತವೆಂಬುದನ್ನು 1963ರಲ್ಲಿ ಗ್ಲೆನ್ ಜೆನ್ಸನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಇಲಿಗಳ ಮೇಲೆ ಪ್ರಯೋಗಿಸಿ ತೋರಿಸಿದ. ಅನಂತರ ಕೋಳಿಗಳನ್ನೂ ಪರೀಕ್ಷಿಸಿದರು. ಈ ಹಟ ಕಾಡುಕೋಳಿಯಲ್ಲಿ ಹೆಚ್ಚು. ಮೊಟ್ಟೆಗೆಂದೇ ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ ಬಿಳಿ ಲೆಗ್‌ಹಾರ್ನಿನಲ್ಲಿ ಕಡಿಮೆ. ನಮ್ಮ ಊರ ಕೋಳಿಯ ಮೂಲಪುರುಷ ಕೆಂಪು ಕಾಡುಕೋಳಿ. ಪಶ್ಚಿಮ ಘಟ್ಟದ ಬೂದು ಕಾಡುಕೋಳಿಯೂ ಎಲ್ಲೋ ನಡುವೆ ಸೇರಿಕೊಂಡು ಕೋಳಿಯ ಹಳದಿ ಚರ್ಮವನ್ನು ದಾನ ಮಾಡಿದೆಯೆಂದು 2008ರಲ್ಲಿ ವಂಶವಾಹಿ ಅಧ್ಯಯನ ತಿಳಿಸಿತು. ಹೀಗಿರುವಾಗ ಹಿತ್ತಲ ಹೇಂಟೆ ಬಟ್ಟಲ ನುಚ್ಚಿಗೆ ಬೆನ್ನು ಹಾಕಿ ತಿಪ್ಪೆ ಕೆದಕುವುದು ದುರಭ್ಯಾಸವಲ್ಲ, ಕುಲಾಚಾರ. ಕೋಳಿ ಕಾಲಿಗೆ ಗೆಜ್ಜೆ ಕಟ್ಟಿದರೂ ತಿಪ್ಪೆ ಕೆದಕುವುದು ಬಿಡದು ಎಂದ ನಮ್ಮ ಹಿರಿಯರು ಜೆನ್ಸನ್ನನಿಗಿಂತ ಮುಂಚೆಯೇ ಫಲಿತಾಂಶ ಪ್ರಕಟಿಸಿದ್ದರು, ಗೆಜ್ಜೆ ಎಂಬ ಹೆಚ್ಚುವರಿ ಪರಿಕರದೊಂದಿಗೆ.

ಆದರೂ ಹಾಕಬೇಕು. ತಿಪ್ಪೆಯಿಂದ ಎಲ್ಲವೂ ಸಿಗುವುದಿಲ್ಲ. ಮೊಟ್ಟೆ ಇಡುವ ಕೋಳಿಗೆ ಮೇವಿನಲ್ಲಿ ನೂರಕ್ಕೆ 16ರಿಂದ 18 ಪಾಲು ಪ್ರೋಟೀನ್ ಬೇಕೆನ್ನುತ್ತಾರೆ. ರಾಗಿ, ಜೋಳ, ಅಕ್ಕಿ ನುಚ್ಚು ಎಷ್ಟು ಹಾಕಿದರೂ ಆ ಲೆಕ್ಕ ತುಂಬುವುದಿಲ್ಲ; ಹಿಂಡಿ ಬೇಕು, ಇಲ್ಲವೇ ಹುಳು ಬೇಕು. ರಾಮನಗರದ ಕಡೆ ರೇಷ್ಮೆ ಬಿಚ್ಚಿದ ಮೇಲೆ ಉಳಿಯುವ ಹುಳು ಕೋಳಿಮೇವಿಗೆ ಹೋಗುತ್ತದೆ; ನೂಲು ಸೀರೆಗೆ, ನೂತವನು ಮೊಟ್ಟೆಗೆ. ಅಷ್ಟು ದೂರ ಹೋಗಲಾರದವರು ಹಳೇ ಮಡಕೆಯಲ್ಲಿ ಹುಲ್ಲು, ಹಸಿ ಸಗಣಿ ತುಂಬಿ ಗೆದ್ದಲಿರುವ ಕಡೆ ಸಂಜೆ ಬೋರಲು ಹಾಕಿಡುತ್ತಾರೆ. ಬೆಳಗ್ಗೆ ಎತ್ತಿ ಕೊಡವಿದರೆ ಮಳೆಗಾಲದ ಹಬ್ಬ. ಗೋಡೆಯ ಗೆದ್ದಲು ಮನೆಯವರಿಗೆ ನಷ್ಟ, ಕೋಳಿಗೆ ಪ್ರೋಟೀನ್. ಈ ಮಾತು ಮುಂದೆ ಸ್ವಾಮ್ಯವಿವಾದದಲ್ಲಿ ಬೇಕಾಗುತ್ತದೆ, ನೆನಪಿರಲಿ.

ಮುದ್ದೆಯ ಬಗ್ಗೆ ಒಂದು ಮಾತು. ರಾಗಿಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂಬುದು ಮಂಡ್ಯ, ಹಾಸನ, ಕೋಲಾರಗಳಲ್ಲಿ ನಿರ್ವಿವಾದ. ಪಟ್ಟಣದಿಂದ ಬಂದ ಅಳಿಯಂದಿರು ಇದನ್ನು ಕಲಿಯಲು ಪಡುವ ಪಾಡು ಎಲ್ಲರಿಗೂ ಗೊತ್ತು. ಕೋಳಿಗೆ ಹುಟ್ಟಿನಿಂದಲೇ ಹಲ್ಲಿಲ್ಲ. ನುಂಗಿದ್ದು ಕತ್ತಿನ ಬುಡದ ಚೀಲಕ್ಕೆ ಹೋಗಿ ನೆನೆದು, ಆಮೇಲೆ ಕಲ್ಲು ತುಂಬಿದ ಗಟ್ಟಿ ಹೊಟ್ಟೆಯಲ್ಲಿ ಅರೆದುಕೊಳ್ಳುತ್ತದೆ. ಅಂಗಳದಲ್ಲಿ ಹರಳು ಆರಿಸಿ ತಿನ್ನುವುದು ಅದಕ್ಕೇ. ಗೂಡಲ್ಲೇ ಕೂಡಿಹಾಕುವವರು ಮರಳು, ಸಣ್ಣ ಹರಳನ್ನೂ ಬಡಿಸಬೇಕು. ಮುದ್ದೆ ತಿನ್ನುವ ಅರ್ಹತೆಯನ್ನು ಶಾಸ್ತ್ರೋಕ್ತವಾಗಿ ಪರಿಶೀಲಿಸಿದರೆ ಹೇಂಟೆಗಿಂತ ಯೋಗ್ಯ ಅಭ್ಯರ್ಥಿ ಆ ಜಿಲ್ಲೆಗಳಲ್ಲೇ ಸಿಗಲಾರದು. ಬಿಸಿಮುದ್ದೆ ಮಾತ್ರ ಕೊಕ್ಕಿಗೆ ಮೆತ್ತಿಕೊಳ್ಳುತ್ತದೆ; ಅದನ್ನು ಒರೆಸಿಕೊಳ್ಳಲು ಅದು ಒಗೆದು ಹರವಿದ ಪಂಚೆಯನ್ನು ಆರಿಸಿಕೊಳ್ಳುವುದುಂಟು.

ಎಂಜಲು ಹಾಕುವವರಿಗೆ ಎರಡು ಎಚ್ಚರಿಕೆ. ಉಪ್ಪು ಹೆಚ್ಚಾದರೆ ಕೋಳಿ ಸಾಯುತ್ತದೆ. ಉಪ್ಪಿನಕಾಯಿ, ಹಪ್ಪಳದ ಚೂರು ಮುಸುರೆಯ ಬಕೆಟ್ಟಿಗೆ ಬೀಳಕೂಡದು. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ಇನ್ನೂ ಅಪಾಯ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಕಡೆಗೆ ಸಿಕ್ಕಿದ ಅಪರಾಧಿ ಬ್ರೆಜಿಲಿನಿಂದ ಬಂದ ಕಡಲೆಕಾಯಿ ಹಿಂಡಿಯಲ್ಲಿದ್ದ ಬೂಷ್ಟಿನ ವಿಷ. ಅಫ್ಲಟಾಕ್ಸಿನ್ ಎಂಬ ಹೆಸರು ಲೋಕಕ್ಕೆ ಪರಿಚಯವಾದದ್ದು ಆಗ. ನಮ್ಮಲ್ಲಿ 'ಮನುಷ್ಯರಿಗೆ ಆಗಲ್ಲ, ಕೋಳಿಗೆ ಹಾಕಿ' ಎನ್ನುವ ವಾಕ್ಯ ಇಂದಿಗೂ ದಿನಕ್ಕೊಮ್ಮೆಯಾದರೂ ಅಡುಗೆಮನೆಯಿಂದ ಕೇಳಿಬರುತ್ತದೆ.

ಅಡುಗೆಮನೆಯ ಮಾತು ಬಂದಾಗ ಬಟಾವಿಯಾವನ್ನು ನೆನೆಯದಿರಲಾಗದು. ಇಂದಿನ ಜಕಾರ್ತ. 1890ರ ಸುಮಾರಿಗೆ ಕ್ರಿಶ್ಚಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯ ಅಲ್ಲಿ ಬೆರಿಬೆರಿ ರೋಗದ ಕ್ರಿಮಿಯನ್ನು ಹುಡುಕುತ್ತ ಕೋಳಿಗಳನ್ನು ಇಟ್ಟುಕೊಂಡಿದ್ದ. ಕೋಳಿಗಳ ಕಾಲು ಸೋತು ಅವು ತೂರಾಡತೊಡಗಿದವು. ಕ್ರಿಮಿ ಸಿಕ್ಕಿತೆಂದು ಸಂಭ್ರಮಿಸುವ ಮೊದಲೇ ಅವು ಯಾರನ್ನೂ ಕೇಳದೆ ಗುಣವಾಗಿಬಿಟ್ಟವು. ವಿಚಾರಣೆ ನಡೆಯಿತು. ಅಷ್ಟು ದಿನ ಅವುಗಳಿಗೆ ಬೀಳುತ್ತಿದ್ದದ್ದು ಸೇನಾ ಆಸ್ಪತ್ರೆಯ ಅಡುಗೆಮನೆಯಲ್ಲಿ ಮಿಕ್ಕ ಪಾಲಿಶ್ ಅಕ್ಕಿಯ ಅನ್ನ. ಅಡುಗೆಯವನು ಬದಲಾದ. ಹೊಸಬ ನಿಯಮದ ಮನುಷ್ಯ; ಮಿಲಿಟರಿ ಅನ್ನವನ್ನು ಸಿವಿಲ್ ಕೋಳಿಗಳಿಗೆ ಕೊಡಲಾಗದು ಎಂದು ನಿಲ್ಲಿಸಿಬಿಟ್ಟ. ಆಮೇಲೆ ಅವಕ್ಕೆ ಸಿಕ್ಕಿದ್ದು ತೌಡು ಹೋಗದ ಅಕ್ಕಿ. ರೋಗದ ಮೂಲ ಕ್ರಿಮಿಯಲ್ಲ, ತೌಡಿನ ಜೊತೆ ಕಳೆದುಹೋದ ಏನೋ ಒಂದು ಎಂಬ ದಾರಿ ಅಲ್ಲಿಂದ ತೆರೆಯಿತು. ಆ 'ಏನೋ ಒಂದು' ಬಿ1 ಜೀವಸತ್ವ. ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಬಹುಮಾನ ಬಂತು. ಅಡುಗೆಯವನಿಗೆ ಬರಲಿಲ್ಲ, ಕೋಳಿಗಳಿಗಂತೂ ಬರಲಿಲ್ಲ. ಸರ್ಕಾರಿ ಕಚೇರಿಯ ಜಿಪುಣತನದಿಂದ ಮಾನವಕುಲಕ್ಕೆ ಒಳಿತಾದ ಅಪರೂಪದ ಪ್ರಕರಣವಿದು. ನಮ್ಮ ಹಳ್ಳಿಗಳಲ್ಲಿ ಅಕ್ಕಿಯನ್ನು ತಾವುಂಡು ತೌಡನ್ನು ಕೋಳಿಗೆ ಕಲಸಿಡುವ ವಾಡಿಕೆಯಿದೆ. ಬಿಳುಪು ನಮಗೆ, ಜೀವಸತ್ವ ಅದಕ್ಕೆ. ಹಂಚಿಕೆಯಲ್ಲಿ ಯಾರು ಜಾಣರೆಂಬುದನ್ನು ವಿದ್ವಜ್ಜನರೇ ನಿರ್ಣಯಿಸಬೇಕು.

ಪಂಕ್ತಿ ಪ್ರಕರಣ

ಬಡಿಸಿದ ಕೂಡಲೇ ಎಲ್ಲರೂ ಉಣ್ಣುವಂತಿಲ್ಲ. ನಾರ್ವೆಯ ಥಾರ್‌ಲೈಫ್ ಷೆಲ್ಡರುಪ್-ಎಬ್ಬೆ ಚಿಕ್ಕಂದಿನಿಂದ ಕೋಳಿಗಳನ್ನು ನೋಡುತ್ತ ಬೆಳೆದು, 1920ರ ದಶಕದ ಆರಂಭದಲ್ಲಿ ಅವುಗಳ ಕುಟುಕು ಶ್ರೇಣಿಯನ್ನು ಬರೆದು ಪ್ರಕಟಿಸಿದ. ಯಾರು ಯಾರನ್ನು ಕುಟುಕಬಹುದು, ಯಾರು ಯಾರಿಂದ ಕುಟುಕಿಸಿಕೊಂಡು ಸುಮ್ಮನಿರಬೇಕು ಎಂಬುದು ಗುಂಪಿನಲ್ಲಿ ಖಚಿತ. ಹಿರಿಯ ಹೇಂಟೆ ಉಂಡು ಕೊಕ್ಕು ಒರೆಸಿಕೊಂಡ ಮೇಲೆ ಎರಡನೆಯದು, ಆಮೇಲೆ ಮೂರನೆಯದು. ಮದುವೆ ಮನೆಯ ಮೊದಲ ಪಂಕ್ತಿಯಲ್ಲಿ ಎಲೆಯ ಮುಂದೆ ಕರವಸ್ತ್ರ ಹಾಕಿ ಜಾಗ ಹಿಡಿಯುವ ನಮಗೆ ಇದನ್ನು ಅರ್ಥ ಮಾಡಿಕೊಳ್ಳಲು ನಾರ್ವೆಯವನ ನೆರವು ಬೇಕಿರಲಿಲ್ಲ.

ಕಡೆಯ ಕೋಳಿ ಬಡಕಲಾಗದಿರಲು ಎರಡು ಕಡೆ ತಟ್ಟೆ, ಎರಡು ಕಡೆ ನೀರು ಇಡಬೇಕು, ಒಂದರಿಂದ ಇನ್ನೊಂದು ಕಾಣದಷ್ಟು ದೂರದಲ್ಲಿ. ಕಾಣುವಂತಿಟ್ಟರೆ ಹಿರಿಯ ಹೇಂಟೆ ಎರಡಕ್ಕೂ ಕಾವಲು ನಿಂತು, ನಡುವೆ ಓಡಾಡುತ್ತ, ತಾನೂ ತಿನ್ನದೆ ಇತರರಿಗೂ ಬಿಡದೆ ದಿನ ಕಳೆಯುತ್ತದೆ.

ಆಹ್ವಾನ ಪ್ರಕರಣ

ಸಿಕ್ಕಿದ್ದನ್ನು ತನ್ನವರನ್ನು ಕರೆದು ಹಂಚಿಕೊಳ್ಳುವ ಗುಣಕ್ಕೆ ಬಸವಣ್ಣನವರು ವಚನವೊಂದರಲ್ಲಿ ಕಾಗೆಯ ಜೊತೆಗೆ ಕೋಳಿಯನ್ನೂ ಮೇಲ್ಪಂಕ್ತಿಯಾಗಿ ತಂದಿದ್ದಾರೆ. ಮರಿ ಕಟ್ಟಿಕೊಂಡ ಹೇಂಟೆಯನ್ನು ನೋಡಿದವರು ಇದನ್ನು ಎರಡು ಮಾತಿಲ್ಲದೆ ಒಪ್ಪುತ್ತಾರೆ. ಗೆದ್ದಲೊಂದು ಸಿಕ್ಕರೆ ತಾನು ನುಂಗದೆ ಕೊಕ್ಕಿನಿಂದ ಎತ್ತಿ ಕೆಳಗೆ ಹಾಕಿ ಮರಿಗಳನ್ನು ಕರೆಯುತ್ತದೆ.

ಹುಂಜದ ವಿಷಯ ಸ್ವಲ್ಪ ಸೂಕ್ಷ್ಮ. ಅದೂ ಕರೆಯುತ್ತದೆ, ಇನ್ನೂ ಆಡಂಬರದಿಂದ, ಕಾಳನ್ನು ಎತ್ತಿ ಇಳಿಸಿ, ಕತ್ತು ಕುಣಿಸಿ. ಹೇಂಟೆಗಳು ಓಡಿ ಬರುತ್ತವೆ. ಪೀಟರ್ ಮಾರ್ಲರ್ ಎಂಬ ಪ್ರಾಣಿಧ್ವನಿ ವಿದ್ವಾಂಸ ಮತ್ತು ಆತನ ಸಂಗಡಿಗರು 1980ರ ದಶಕದಲ್ಲಿ ಕಿವಿಗೊಟ್ಟು ಕೇಳಿ ದಾಖಲಿಸಿದ ಸಂಗತಿಯೆಂದರೆ, ಹುಂಜ ಕೆಲವು ಸಲ ತಿನ್ನಲಾಗದ ವಸ್ತುವನ್ನು ಮುಂದಿಟ್ಟುಕೊಂಡೂ ಊಟಕ್ಕೆ ಕರೆಯುತ್ತದೆ. ಹೇಂಟೆ ದೂರದಲ್ಲಿದ್ದಾಗ ಈ ಸುಳ್ಳು ಹೆಚ್ಚು. ಹತ್ತಿರ ಬಂದ ಮೇಲೆ ಕಾಳಿನ ವಿಷಯ ಎತ್ತುವುದಿಲ್ಲ. ಆದ್ದರಿಂದ ವಚನದ ಕೋಳಿ ಹೇಂಟೆಯೇ ಇರಬೇಕೆಂಬುದು ಪ್ರಸ್ತುತ ಲೇಖಕನ ದೃಢ ನಿಲುವು. ಹುಂಜದ ಪಕ್ಷದವರು ಚುನಾವಣಾ ಪ್ರಣಾಳಿಕೆಗಳನ್ನು ಆಧಾರವಾಗಿ ಒದಗಿಸಿ ವಾದಿಸಬಹುದು.

ಸುಣ್ಣ ಮತ್ತು ಸ್ವಾಮ್ಯವಿವಾದ

ಮೊಟ್ಟೆಯೊಂದರ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಚಿಪ್ಪು ಕಟ್ಟಲು 20 ಗಂಟೆ ಹಿಡಿಯುತ್ತದೆ, ಕೆಲಸದ ಹೆಚ್ಚಿನ ಪಾಲು ರಾತ್ರಿ ಪಾಳಿಯದು. ಸಾಮಗ್ರಿ ಸಾಲದಿದ್ದರೆ ಹೇಂಟೆ ತನ್ನ ಮೂಳೆಯಿಂದ ಸಾಲ ತೆಗೆಯುತ್ತದೆ. ಹೀಗಾಗಿ ಸುಣ್ಣದ ಅಂಶವನ್ನು ಸಂಜೆ ಹಾಕುವುದು ಲೇಸು. ಕರಾವಳಿಯವರಿಗೆ ಕಪ್ಪೆಚಿಪ್ಪು ಸುಲಭ. ಬಯಲುಸೀಮೆಯವರು ತಿಂದ ಮೊಟ್ಟೆಯ ಚಿಪ್ಪನ್ನೇ ಹುರಿದು, ಗುರುತು ಸಿಗದಷ್ಟು ಪುಡಿ ಮಾಡಿ ಹಾಕಬೇಕು. ಗುರುತು ಸಿಕ್ಕರೆ ಕೋಳಿ ಮುಂದೆ ಅಂಗಡಿಯ ದಾರಿ ಕಾಯದೆ ತನ್ನ ಮೊಟ್ಟೆಯನ್ನು ತಾನೇ ಒಡೆದು ತಿನ್ನಲು ಕಲಿಯುತ್ತದೆ.

ಇಲ್ಲಿಯವರೆಗೆ ತಿನ್ನಿಸುವುದರ ವಿಚಾರವಾಯಿತು. ಫಲದ ವಿಚಾರ ಬಂದಾಗ ಶಾಸ್ತ್ರವು ವ್ಯಾಜ್ಯವಾಗುತ್ತದೆ. ನಮ್ಮಲ್ಲಿ ಉಂಡ ಹೇಂಟೆ ಅಜ್ಜಿಯ ಹುಲ್ಲಿನ ಮೆದೆಯಲ್ಲಿ ಮೊಟ್ಟೆಯಿಟ್ಟಿತು. ಮೊಟ್ಟೆ ಯಾರದು? ಅನ್ನ ಹಾಕಿದವನದೆಂಬುದು ಪೂರ್ವಪಕ್ಷ. ಮೇಲೆ ನಿರೂಪಿಸಿದ ಪ್ರಮಾಣಗಳ ಬೆಳಕಿನಲ್ಲಿ ಇದು ನಿಲ್ಲುವುದಿಲ್ಲ. ಪ್ರೋಟೀನ್ ಬಂದದ್ದು ಅಜ್ಜಿಯ ಗೋಡೆಯ ಗೆದ್ದಲಿನಿಂದ. ಹಳದಿಯ ಬಣ್ಣ ಬಂದದ್ದು ತಿಂದ ಸೊಪ್ಪಿನಿಂದ, ಆ ಸೊಪ್ಪು ಅಜ್ಜಿಯ ಮೆಂತ್ಯದ ಮಡಿಯದು. ಚಿಪ್ಪಿನೊಳಗಿನ ಪದಾರ್ಥದಲ್ಲಿ ಮುಕ್ಕಾಲು ಪಾಲು ನೀರು, ಆ ನೀರು ಬೀದಿ ನಲ್ಲಿಯದು. ಆದ್ದರಿಂದ ನ್ಯಾಯವಾಗಿ ನೋಡಿದರೆ ಮೊಟ್ಟೆಯ ಮುಕ್ಕಾಲು ಭಾಗ ಗ್ರಾಮ ಪಂಚಾಯಿತಿಗೆ ಸೇರತಕ್ಕದ್ದು. ಉಳಿದ ಕಾಲು ಭಾಗದಲ್ಲಿ ಅಜ್ಜಿಗೂ ನಮಗೂ ಪಾಲು. ನಮ್ಮ ಪಾಲಿಗೆ ನಿರ್ವಿವಾದವಾಗಿ ಉಳಿಯುವುದು ನುಚ್ಚಿನಿಂದ ಬಂದ ಅಷ್ಟಿಷ್ಟು, ಮತ್ತು ಗೂಡು ಬಳಿಯುವ ಹಕ್ಕು.

ಈ ಸಿದ್ಧಾಂತವನ್ನು ಅಜ್ಜಿಯ ಮುಂದೆ ಮಂಡಿಸಲಾಯಿತು. ಅವರು ಅಡಕೆ ಕತ್ತರಿಸುವುದನ್ನು ನಿಲ್ಲಿಸದೆ ಪೂರ್ತಿ ಕೇಳಿದರು.

"ಲೆಕ್ಕ ಚೆಂದಾಗದೆ ಕಣ್ ಮೇಷ್ಟ್ರೇ," ಎಂದರು. "ಪಂಚಾಯ್ತಿಯೋರು ಬಂದು ಕೇಳ್ಲಿ, ಕೊಡಾನ. ಕ್ವಾಳಿಗೆ ನೀರು ಕುಡ್ಸಾಕೆ ಇಟ್ಟೆಲ್ಲಾ ಓದ್ಬೇಕಾ?"

ಪಂಚಾಯಿತಿಯಿಂದ ಈವರೆಗೆ ಯಾರೂ ಬಂದಿಲ್ಲ. ಮೊಟ್ಟೆಯ ಭವಿಷ್ಯದ ಬಗ್ಗೆ ಅಜ್ಜಿಯ ಅಡುಗೆಮನೆಯಿಂದ ಈರುಳ್ಳಿ ಹುರಿದ ವಾಸನೆಯ ರೂಪದಲ್ಲಿ ಪರೋಕ್ಷ ಪ್ರಮಾಣ ದೊರೆತಿದೆ. ಮರುದಿನ ಅವರ ಮೊಮ್ಮಗಳು ಕಾಂಪೌಂಡಿನ ಮೇಲಿಂದ ಒಂದು ಕಾಗದದ ಪೊಟ್ಟಣ ನೀಡಿ ಹೋದಳು. ಒಳಗೆ ಹುರಿದು ನುಣ್ಣಗೆ ಪುಡಿ ಮಾಡಿದ ಚಿಪ್ಪು. ಸಂಜೆ ಹಾಕಬೇಕಂತೆ.